ಸಾಲಿಗೊಬ್ಬ ಲೀಡರ್

ಗುಂಪಿನಲ್ಲಿ ನಾಯಕ ಹೇಗೆ ಹುಟ್ಟುತ್ತಾನೆ ಎಂಬುದು ನನ್ನ ಪಿಎಚ್.ಡಿ. ವಿಷಯ. ತೊಂಬತ್ತರ ದಶಕದ ಕೊನೆ ಅದು. ದಾವಣಗೆರೆಯಿಂದ ಬಂದು ಕಮ್ಮನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ನನಗೆ, ಇದಕ್ಕಿಂತ ಸುಲಭದ ವಿಷಯ ಜಗತ್ತಿನಲ್ಲೇ ಇಲ್ಲ ಅನ್ನಿಸಿತ್ತು. ನಾಲ್ಕು ಜನ ಸೇರಿದ ಕಡೆ ಒಬ್ಬರು ಜೋರು ಮಾಡುತ್ತಾರೆ, ಉಳಿದವರು ಗೊಣಗುತ್ತಲೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದಳಲ್ಲ, ಹಾಗೆ. ನೋಡಿ ಬರೆದುಕೊಂಡರೆ ಮುಗಿಯಿತು ಎಂದುಕೊಂಡಿದ್ದೆ. ಎಂಥ ಬೆಪ್ಪುತಕ್ಕಡಿ ನಾನು!

"ಕಾಲೇಜು ಹುಡುಗ್ರ ಮೇಲೆ ಎಲ್ಲಾರೂ ಮಾಡ್ತಾರೆ ಕಣಮ್ಮ, ನೀನು ಬೀದಿಗೆ ಹೋಗು," ಎಂದರು ನನ್ನ ಗೈಡ್. ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹತ್ತಿರ ಒಂದು ಗಲ್ಲಿಯ ಬಾಯಲ್ಲಿ ಏಳೆಂಟು ಜನ ಸಾಲಾಗಿ ಕೂತು ವ್ಯಾಪಾರ ಮಾಡುತ್ತಿದ್ದರು. ಮೊದಲಿಗೆ ಹಲಸೂರಿನಿಂದ ಬರುವ ಹೂವಿನ ಮುದುಕಿ. ಎಲ್ಲರೂ ಆಕೆಯನ್ನು ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ, ಎನ್ನುತ್ತಿದ್ದರು. ಪಕ್ಕದಲ್ಲಿ ನಿಂಬೆಹಣ್ಣಿನ ಭಾಯ್. ಆಮೇಲೆ ಕೆ.ಆರ್. ಪುರದ ಕಡೆಯಿಂದ ಬಸ್ಸಿನಲ್ಲಿ ಸೊಪ್ಪಿನ ಮೂಟೆ ತರುವ ಅಕ್ಕ. ಬೆಳಿಗ್ಗೆಯ ಗಿರಾಕಿಗಳು ಕರಗಿದ ಮೇಲೆ ಅಷ್ಟೂ ಜನ ಒಟ್ಟಿಗೆ ಟೀ ತರಿಸಿ ಕುಡಿಯುತ್ತಿದ್ದರು. ಜಗಳ, ಪಂಚಾಯ್ತಿ, ನಗು ಎಲ್ಲ ಆ ಹೊತ್ತಿಗೇ.

ಟೀ ಬಂದಾಗ ಗ್ಲಾಸು ಮೊದಲು ಯಾರು ಎತ್ತುತ್ತಾರೆ ಎಂದು ನಾನು ಕಣ್ಣಿಟ್ಟು ನೋಡುತ್ತಿದ್ದೆ. ದೊಡ್ಡವರು ಎತ್ತುವ ತನಕ ಉಳಿದವರು ಕಾಯುತ್ತಾರೆ ಎಂಬುದು ನಾನು ತಲೆಯಲ್ಲಿಟ್ಟುಕೊಂಡು ಬಂದಿದ್ದ ಲೆಕ್ಕ. ಇಲ್ಲಿ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಕೈಗೆ ಸಿಕ್ಕವರು ಸೊರ್ರೆಂದು ಹೀರಿ ಗ್ಲಾಸು ಕೆಳಗಿಡುತ್ತಿದ್ದರು.

ಸರಿ, ನೋಡಿದರೆ ತಿಳಿಯದು, ಕೇಳಿಯೇ ಬಿಡೋಣ ಎಂದು ಒಬ್ಬೊಬ್ಬರನ್ನೇ ಬೇರೆ ಕೂರಿಸಿಕೊಂಡು ಕೇಳಿದೆ: ಇಲ್ಲಿ ಯಾರ ಮಾತು ನಡೆಯುತ್ತೆ?

"ನಕ್ಕೋ ಮೇಡಂ, ನಂದೇನಿದೆ? ಪಾಟಿ ಹೇಳಿದ್ದೇ ಫೈನಲ್," ಎಂದ ಭಾಯ್.

"ನಾನಾ? ಅಯ್ಯೋ ಮುರುಗಾ! ಸೊಪ್ಪಿನೋಳ್ನ ಕೇಳಮ್ಮಾ, ಅವ್ಳು ಬಾಯಿ ಬಿಟ್ರೆ ಎಲ್ಲಾ ಗಪ್‌ಚುಪ್," ಎಂದಳು ಪಾಟಿ.

ಸೊಪ್ಪಿನ ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಂಬೆಹಣ್ಣಿನ ಸಾಬ್ರು ಹೇಳ್ದಂಗೆ ನಾವು," ಎಂದಳು. ಉಳಿದವರದೂ ಇದೇ ಕತೆ.

ಯಾರು ಯಾರ ಹೆಸರು ಹೇಳಿದರೋ ಅವರ ಕಡೆಗೆ ಒಂದು ಬಾಣ ಎಳೆಯುವುದು ನಮ್ಮಲ್ಲಿ ರೂಢಿ. ಹೆಚ್ಚು ಬಾಣ ಯಾರ ಮೇಲೆ ಬಿದ್ದಿವೆಯೋ ಅವರೇ ನಾಯಕರು. ರೂಮಿಗೆ ಹೋಗಿ ಎಳೆದು ನೋಡಿದರೆ ಬಾಣಗಳೆಲ್ಲ ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಂತಿವೆ! ಒಬ್ಬರ ಮೇಲೂ ಎರಡು ಬಾಣ ಇಲ್ಲ. ಇನ್ನೊಂದು ವಾರ ಬಿಟ್ಟು ಕೇಳಿದೆ. ಈ ಸಲ ಪಾಟಿ ಭಾಯ್ ಹೆಸರು ಹೇಳಿದಳು, ಭಾಯ್ ಸೊಪ್ಪಿನ ಅಕ್ಕನ ಹೆಸರು ಹೇಳಿದ, ಅಕ್ಕ ಪಾಟಿಯನ್ನು ತೋರಿಸಿದಳು. ಸುತ್ತು ತಿರುಗುಮುರುಗಾಯಿತು, ಅಷ್ಟೇ. ನನ್ನ ತಲೆ ಕೆಟ್ಟು ಕೆರ ಹಿಡಿದು ಹೋಯಿತು.

"ನಾಯಕ ಇಲ್ಲದ ಗುಂಪು ಇರೋದಿಲ್ಲ. ನಿನಗೆ ಕಾಣ್ತಿಲ್ಲ, ಅಷ್ಟೆ," ಎಂದರು ಗೈಡ್. ಅವರ ಮೇಲೂ ಸಿಟ್ಟು ಬಂತು, ಆ ಸಾಲಿನವರ ಮೇಲೂ ಬಂತು.

ಇಂಥ ಹೊತ್ತಿನಲ್ಲೇ ಗಲ್ಲಿ ಅಗೆಯುವ ಸುದ್ದಿ ಬಂದದ್ದು. ಚರಂಡಿ ಕೆಲಸ ಮುಗಿಯುವವರೆಗೆ ಸಾಲಿನವರೆಲ್ಲ ಹಿಂದುಗಡೆ, ಮಾಂಸದಂಗಡಿಗಳ ನೀರು ಹರಿಯುವ ಮೂಲೆಗೆ ಹೋಗಬೇಕಂತೆ. ಅಲ್ಲಿ ಹೂವು ಕೊಳ್ಳಲು ಯಾರು ಬರುತ್ತಾರೆ? ಸೊಪ್ಪು ಯಾರು ಮುಟ್ಟುತ್ತಾರೆ? ಒಮ್ಮೆ ಬಿಟ್ಟ ಜಾಗ ಮತ್ತೆ ಸಿಕ್ಕೀತು ಎಂಬ ನಂಬಿಕೆಯೂ ಯಾರಿಗೂ ಇರಲಿಲ್ಲ. ಬೇಡಿಕೊಂಡಾಗ ಕಾರ್ಪೊರೇಷನ್ ಸಾಹೇಬರು ಸ್ವಲ್ಪ ಕರಗಿದರು. ಎದುರಿನ ಗೋಡೆಗೆ ಒತ್ತಿಕೊಂಡು ಕೂರಬಹುದು, ಆದರೆ ಜನ ಓಡಾಡಲು ದಾರಿ ಬಿಡಿಸುವ ಜವಾಬ್ದಾರಿಗೆ ಒಬ್ಬರು ಸಹಿ ಹಾಕಬೇಕು. ನಿಮ್ಮ ಲೀಡರ್ ಯಾರೋ ಅವರನ್ನು ಕಳಿಸಿ ಎಂದರಂತೆ.

ಅವತ್ತು ಟೀ ಹೊತ್ತಿಗೆ ಇಡೀ ಸಾಲು ನನ್ನ ಕಡೆ ತಿರುಗಿತು.

"ಮೇಡಂ, ಇಷ್ಟ್ ದಿನದಿಂದ ಅದೇ ಅಲ್ವಾ ನೀವು ಓದ್ತಿರೋದು?" ಎಂದ ಭಾಯ್. "ಹೇಳ್ಬಿಡಿ, ನಮ್ ಲೀಡರ್ ಯಾರು? ಅವ್ರನ್ನೇ ಕಳಿಸ್ತೀವಿ."

ನಾನು ಕಕ್ಕಾಬಿಕ್ಕಿಯಾದೆ. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ, ಯಾರದೋ ಹೆಸರು ಹೇಳಿದರೆ ಸುಳ್ಳಾಗುತ್ತದೆ. "ನಂಗೊತ್ತಿಲ್ಲ ಭಾಯ್," ಎಂದೇಬಿಟ್ಟೆ. ಅವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಸಾಲಿಗೆ ಸಾಲೇ ಕಚೇರಿಗೆ ಹೊರಟಿತು, ನಾನೂ ಹಿಂದೆಯೇ ಹೋದೆ.

ದಾರಿಯಲ್ಲಿ ಸೊಪ್ಪಿನ ಅಕ್ಕ ನನ್ನ ಪಕ್ಕಕ್ಕೆ ಬಂದಳು. "ಮುಂಚೆ ಒಬ್ಬ ಇದ್ದ ಮೇಡಂ, ಬಾಳೆಹಣ್ಣಿನೋನು. ಎಲ್ಲಾದಕ್ಕೂ ಅವ್ನೇ ಮುಂದೆ ನಿಲ್ತಿದ್ದ. ಏನ್ ಗಲಾಟೆ ಆದ್ರೂ ಕಾರ್ಪೊರೇಷನ್ನೋರು ಮೊದ್ಲು ಅವನ್ ಗಾಡೀನೇ ಎತ್ಕೊಂಡ್ ಹೋಗೋರು. ಸಾಕಾಗಿ ವ್ಯಾಪಾರಾನೇ ಬಿಟ್ಬಿಟ್ಟ, ಪಾಪ. ಅವತ್ತಿಂದ ಯಾರ್ ಕೇಳುದ್ರೂ ನಾವು ಪಕ್ಕದೋರ್ನ ತೋರಿಸ್ತೀವಿ."

"ನಂಗೂ ಹಂಗೇ ತೋರ್ಸಿದ್ರಾ?"

"ನೀವೂ ಪೆನ್ನು ಹಿಡ್ಕೊಂಡೇ ಬಂದ್ರಲ್ಲ," ಎಂದಳು ಅವಳು, ಏನೂ ಆಗದವಳ ಹಾಗೆ. ತಿಂಗಳುಗಟ್ಟಲೆ ಇವರ ಜೊತೆ ಕೂತು ಟೀ ಕುಡಿದವಳು ನಾನು!

ಕಚೇರಿಯಲ್ಲಿ ಸಾಹೇಬರು ತಲೆ ಎತ್ತಿ, "ಯಾರ್ರೀ ಲೀಡರ್ರು?" ಎಂದರು. ಭಾಯ್ ಪಾಟಿಯನ್ನು ತೋರಿಸಿದ. ಪಾಟಿ ಅಕ್ಕನನ್ನು, ಅಕ್ಕ ಭಾಯ್‌ನನ್ನು. ನನ್ನ ಹಾಳೆಯ ಮೇಲಿನ ಬಾಣಗಳೆಲ್ಲ ಕಣ್ಣೆದುರಿಗೇ ಬೆರಳುಗಳಾಗಿ ನಿಂತಿದ್ದವು.

"ತಮಾಷೆ ಮಾಡ್ತಿದೀರಾ? ಸಹಿ ಮಾಡೋರಿಲ್ದಿದ್ರೆ ನಾಳೆಯಿಂದ ಹಿಂದ್ಗಡೆ ಮೂಲೆಗೆ ಹೋಗಿ!" ಸಾಹೇಬರು ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಅಕ್ಕನ ಕಣ್ಣಲ್ಲಿ ನೀರಾಡಿತು. ಆಗ ಪಾಟಿಯ ಬೆರಳು ಮೆಲ್ಲಗೆ ಅಕ್ಕನ ಕಡೆಯಿಂದ ತಿರುಗಿ ನನ್ನ ಕಡೆ ಬಂತು. ಅವಳ ಹಿಂದೆ ಭಾಯ್ ಬೆರಳು. ನೋಡನೋಡುತ್ತಿದ್ದಂತೆ ಅಷ್ಟೂ ಬೆರಳುಗಳು ನನ್ನ ಮೇಲೆ!

"ನೀವೇನಮ್ಮ ಮಾರೋದು?" ಎಂದರು ಸಾಹೇಬರು.

"ಏನೂ ಇಲ್ಲ ಸಾರ್."

ಸಾಹೇಬರು ಹಣೆ ಚಚ್ಚಿಕೊಂಡು, ಯಾರಾದರೂ ಸರಿ, ಸಹಿ ಹಾಕಿ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ನೋಡಲು ಬಂದ ಗುಂಪಿನಲ್ಲಿ ಕೈಯಾಡಿಸಬಾರದು ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಸಹಿ ಹಾಕಿದರೆ ಅಷ್ಟು ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಾಕದಿದ್ದರೆ ಅಕ್ಕನ ಸೊಪ್ಪು ಆ ಗಲೀಜು ಮೂಲೆಯಲ್ಲಿ ಬಾಡುತ್ತದೆ. ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ, ಇವತ್ತಿಗೂ ತಿಳಿಯದು. ಸಹಿ ಹಾಕಿದ್ದಂತೂ ನಿಜ. ಮಾರುವ ಗಾಡಿ, ಬುಟ್ಟಿ ಏನೂ ಇಲ್ಲದವಳ ಹತ್ತಿರ ಎತ್ತಿಕೊಂಡು ಹೋಗಲು ಏನಿದೆ ಎಂದು ಪಾಟಿ ಲೆಕ್ಕ ಹಾಕಿದ್ದಳೇ? ಅಥವಾ ನಾನು ಅವರವಳೇ ಆಗಿಬಿಟ್ಟಿದ್ದೆನೇ? ಬೆರಳನ್ನು ಮೊದಲು ತಿರುಗಿಸಿದವಳು ಅವಳೇ ಅಲ್ಲವೇ? ಹಾಗಿದ್ದರೆ ಲೀಡರ್ ಯಾರು?

ಸಾಲು ಎದುರಿನ ಗೋಡೆಗೆ ಹೋಯಿತು, ಜಾಗ ಉಳಿಯಿತು. ನಾನು ಬೇರೆ ಗುಂಪು ಹುಡುಕಿಕೊಂಡು ಪಿಎಚ್.ಡಿ. ಮುಗಿಸಿದೆ. ಈಗ ಇಂದಿರಾನಗರದ, ಮಾರತ್ತಹಳ್ಳಿಯ ಕಂಪನಿಗಳಲ್ಲಿ ನಾಯಕತ್ವದ ಪಾಠ ಹೇಳುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ಆ ದಿನ ನೆನಪಾಗಿ ಮಾತು ತಡವರಿಸುತ್ತದೆ.

ಕಚೇರಿಯಿಂದ ಹಿಂತಿರುಗಿದ ಮೇಲೆ ಭಾಯ್ ಎಲ್ಲರಿಗೂ ಟೀ ತರಿಸಿದ್ದ. ಗ್ಲಾಸುಗಳು ಬಂದವು, ಎಲ್ಲರೂ ಕೈಗೆತ್ತಿಕೊಂಡರು. ಒಬ್ಬರೂ ಹೀರಲಿಲ್ಲ. ಹೊಗೆಯಾಡುವ ಗ್ಲಾಸು ಹಿಡಿದು ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಗೌರವವೋ, ಗೇಲಿಯೋ, ಬರೀ ಸುಸ್ತೋ, ಒಂದೂ ತಿಳಿಯದೆ ನಾನೂ ಅವರನ್ನೇ ನೋಡುತ್ತ ನಿಂತೆ.

"ಕುಡಿಯಮ್ಮಾ," ಎಂದಳು ಪಾಟಿ, "ಎಲ್ಲಾರ್ದೂ ಆರೋಗ್ತಾ ಐತೆ."