ಗಂಗವ್ವನ ಮೇಲೆ ನಾನು ಹೊರಿಸಿದ ಸುಳ್ಳು

ಆ ಮಗು ನೀರಿನ ತೊಟ್ಟಿಯೊಳಗೆ ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ನೋಡಿದೆನೆಂದು ಬರೆದುಕೊಟ್ಟೆ. ಕೈಬರಹ ನನ್ನದು, ಸಹಿಯೂ ನನ್ನದು. ಆ ಒಂದು ಹಾಳೆಯಿಂದ ಒಬ್ಬ ಹೆಂಗಸು ಕೆಲಸ ಕಳೆದುಕೊಂಡಳು, ಒಬ್ಬ ಹುಡುಗಿ ಶಾಲೆ ಬಿಟ್ಟಳು. ಇಷ್ಟು ವರ್ಷ ಇದನ್ನು ಯಾರಿಗೂ — ನನ್ನ ಗಂಡನಿಗೂ — ಹೇಳಿಲ್ಲ.

ಠಾಣೆ ಹತ್ತಿರದ ಕಳವಾ ಎಂಬಲ್ಲಿನ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರಾಗಿದ್ದೆ. 2007ರಲ್ಲಿ ಒಂಬತ್ತನೆಯ ತರಗತಿ ನನ್ನದಾಗಿತ್ತು. ಮಹಾದೇವಿ ಎಂಬ ಹುಡುಗಿ ಅದರಲ್ಲಿದ್ದಳು. ಕಲಬುರಗಿ ಕಡೆಯವರು; ತಾಯಿತಂದೆ ಇಬ್ಬರೂ ನವಿ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವರು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮೂರು ವರ್ಷದ ತಂಗಿ ಇವಳ ಪಾಲಿಗೆ. ಬಾಲವಾಡಿಯ ಬಾಗಿಲು ತೆರೆಯುವುದು ಒಂಬತ್ತಕ್ಕೆ. ನಮ್ಮ ಗೇಟು ಮುಚ್ಚುವುದು ಏಳೂವರೆಗೆ. ಅವರಿದ್ದ ಚಾಳಿನ ನಲ್ಲಿಯಲ್ಲಿ ನೀರು ಬರುವುದೂ ಅದೇ ಹೊತ್ತಿಗೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ — ನಾನು ಕೇಳಿರಲಿಲ್ಲ. ಹಾಜರಿ ಕರೆಯುವಾಗ ಅವಳು ಇರುತ್ತಿರಲಿಲ್ಲ, ಆಮೇಲೆ ಇರುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ತಲೆ ತಗ್ಗಿಸುತ್ತಿದ್ದಳು. ಅಷ್ಟೇ.

ಕೇಳಿದವಳು ಗಂಗವ್ವ. ವಿಜಯಪುರದ ಕಡೆಯ ವಿಧವೆ. ಶಾಲೆಯ ಕಸ ಗುಡಿಸಿ, ನೀರು ತುಂಬಿಸಿ, ಗಂಟೆ ಬಾರಿಸುವವಳು. ಮಹಾದೇವಿ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿ ಬಂದರೆ ಗಂಗವ್ವ ಹಿಂದಿನ ಬಾಗಿಲು ತೆಗೆಯುತ್ತಿದ್ದಳು. ಮಗುವನ್ನು ತನ್ನ ಕೋಣೆಯಲ್ಲಿ ಕೂರಿಸಿಕೊಂಡು ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿ ತಿನ್ನಿಸಿ, ಒಂಬತ್ತಕ್ಕೆ ಬಾಲವಾಡಿಗೆ ಬಿಟ್ಟು ಬರುತ್ತಿದ್ದಳು. ಮಹಾದೇವಿ ಒಂದು ದಿನ ಬಾರದಿದ್ದರೆ ಸಂಜೆ ಅವರ ಖೋಲಿಗೇ ಹೋಗಿ ವಿಚಾರಿಸುತ್ತಿದ್ದಳು. ಹುಡುಗಿ ಅವಳನ್ನು ಅವ್ವ ಎನ್ನುತ್ತಿದ್ದಳು.

ಪಾಲಕರ ಸಭೆಯ ದಿನ ಮಹಾದೇವಿಯ ತಾಯಿ ಬಂದಳು. ಸೀರೆಯ ಅಂಚಿನಲ್ಲಿ ಸಿಮೆಂಟು ಹಾಗೇ ಇತ್ತು. ಪ್ರಗತಿಪತ್ರ ಹಿಡಿದು ಕೂತಿದ್ದ ನನ್ನನ್ನು ದಾಟಿ ನೇರ ಗಂಗವ್ವನ ಬಳಿಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಈಕಿ ಇರದಿದ್ರ ನನ್ನ ಮಗಳ ಸಾಲಿ ಯಾವಾಗೋ ಮುಗೀತಿತ್ರಿ," ಎಂದು ಎಲ್ಲರೆದುರು ಅಂದಳು. ಹೆಡ್‌ಮಾಸ್ತರರು ನಗುತ್ತ ನನ್ನ ಕಡೆ ತಿರುಗಿದರು: "ಹಾಗಾದ್ರೆ ಮಹಾದೇವಿಯ ಕ್ಲಾಸ್ ಟೀಚರ್ ಗಂಗವ್ವನೇ ಅಂತಾಯ್ತು ಮಾರಾಯ್ರೇ!"

ತಮಾಷೆಯ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಡೊಂಬಿವಲಿಯ ಮನೆ ಸೇರುವ ತನಕ ಆ ನಗು ಕಿವಿಯಲ್ಲೇ ಇತ್ತು. ಬಿ.ಎಡ್. ಮಾಡಿ ಹನ್ನೊಂದು ವರ್ಷ ಪಾಠ ಹೇಳಿದ ನನ್ನ ಕೈಯನ್ನು ಯಾವ ತಾಯಿಯೂ ಹಾಗೆ ಹಿಡಿದಿರಲಿಲ್ಲ. ಆ ದಿನಗಳಲ್ಲಿ ನನ್ನ ಮನೆಯಲ್ಲೂ — ಬೇಡ. ಅದನ್ನು ಇಲ್ಲಿ ತರುವುದಿಲ್ಲ.

ಮರುವಾರ ಗಂಗವ್ವನ ಮೇಲೆ ದೂರು ಬರೆದೆ. ಹೊರಗಿನ ಮಗುವನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತಾಳೆ ಎಂದು ಬರೆದಿದ್ದರೆ ಅದು ನಿಜವಾದರೂ ಆಗುತ್ತಿತ್ತು. ಅಷ್ಟಕ್ಕೆ ಅವಳನ್ನು ಯಾರೂ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ, ಮಗು ಒಂಟಿಯಾಗಿ ತೊಟ್ಟಿಯೊಳಗೆ ಬಗ್ಗಿತ್ತು, ನಾನು ಹೋಗಿ ಹಿಡಿಯದಿದ್ದರೆ ಬೀಳುತ್ತಿತ್ತು ಎಂದು ಸೇರಿಸಿದೆ. ತೊಟ್ಟಿಯ ಮುಚ್ಚಳಕ್ಕೆ ಸದಾ ಬೀಗವಿರುತ್ತಿತ್ತು. ಬೀಗದ ಕೈ ಗಂಗವ್ವನ ಸೊಂಟದಲ್ಲಿರುತ್ತಿತ್ತು.

ಹೆಡ್‌ಮಾಸ್ತರರು ಮಹಾದೇವಿಯ ತಾಯಿಯನ್ನು ಕರೆಸಿ ಅದನ್ನು ಓದಿ ಹೇಳಿದರು. ಅವಳು ಗಂಗವ್ವನ ಕಡೆ ತಿರುಗಿ "ಖರೇನ?" ಎಂದಳು. ಗಂಗವ್ವ "ಇಲ್ರೀ, ಇಲ್ರೀ" ಎಂದು ಎರಡು ಸಲ ಅಂದಳು; ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು.

"ನನ್ನ ತಗೀರಿ, ಅಡ್ಡಿಯಿಲ್ಲ. ಆ ಹುಡುಗೀನ ಯಾರು ನೋಡ್ತಾರ ಹೇಳ್ರಿ ಅಕ್ಕಾರ?" ಎಂದಳು.

"ಇದು ಶಾಲೆ ಗಂಗವ್ವಾ, ಬಾಲವಾಡಿ ಅಲ್ಲ." — ಇದು ನಾನು ಕೊಟ್ಟ ಉತ್ತರ.

ಮಹಾದೇವಿ ಆಮೇಲೆ ನಾಲ್ಕು ದಿನ ಬಂದಳು. ನಾಲ್ಕೂ ದಿನ ತಡವಾಗಿ, ಮುಚ್ಚಿದ ಗೇಟಿನ ಹೊರಗೆ, ತಂಗಿಯ ಜೊತೆ. ಕಿಟಕಿಯಿಂದ ಕಾಣುತ್ತಿತ್ತು. ಐದನೆಯ ದಿನ ಬರಲಿಲ್ಲ. ಅವಳ ಚಾಳು ಹತ್ತು ನಿಮಿಷದ ದಾರಿ, ನಾನು ಹೋಗಲಿಲ್ಲ. ತಿಂಗಳು ಕಳೆದ ಮೇಲೆ ರಿಜಿಸ್ಟರಿನಲ್ಲಿ 'ಊರಿಗೆ ಹೋಗಿದ್ದಾಳೆ' ಎಂದು ಬರೆದೆ. ಅದು ನನ್ನ ಎರಡನೆಯ ಸುಳ್ಳು.

ಹತ್ತು ವರ್ಷಗಳ ಮೇಲೆ ಠಾಣೆ ಸ್ಟೇಷನ್ನಿನಲ್ಲಿ ಯಾರೋ "ಟೀಚರ್" ಎಂದು ಕೂಗಿದರು. ಕೊರಳಲ್ಲಿ ಯಾವುದೋ ಕಂಪನಿಯ ಹೌಸ್‌ಕೀಪಿಂಗ್ ಕಾರ್ಡು. ಮಹಾದೇವಿ. ಬಗ್ಗಿ ನನ್ನ ಕಾಲು ಮುಟ್ಟಿದಳು.

"ಯಾಕೆ ಶಾಲೆ ಬಿಟ್ಟೆ ಮಗಾ?" ಎಂದು ಕೇಳಿದೆ. ಹೌದು, ಕೇಳಿದೆ — ನನಗೇನೂ ಗೊತ್ತಿಲ್ಲ ಎಂಬಂತೆ.

"ಗಲತಿ ನಂದೇ ಟೀಚರ್, ಟೈಮಿಗೆ ಬರ್ತಿದ್ದಿಲ್ಲ. ಗಂಗವ್ವ ತನ್ನ ಮನ್ಯಾಗ ಕೂಸಿನ ನೋಡಿಕೋತೀನಿ, ಹುಡುಗಿ ಸಾಲಿ ಬಿಡಿಸಬ್ಯಾಡ ಅಂತ ಮೂರು ಸಲ ಬಂದಿದ್ಲು. ನಮ್ಮವ್ವ ಆಕೀನ ಒಳಗ ಬಿಡಲಿಲ್ಲ. ತೊಟ್ಟ್ಯಾಗ ಬೀಳಸೂವಾಕಿ ಅಂತ ಬೈದು ಕಳಿಸಿದ್ಲು." ಆಮೇಲೆ ಅಂದಳು: "ಗಂಗವ್ವ ಆಮ್ಯಾಲ ದಿವಾ ಸ್ಟೇಷನ್ ಕಡೆ ಇದ್ಲಂತ. ಹೋದ ವರ್ಷ ತೀರಿಕೊಂಡ್ಲಂತ. ನಾವ್ಯಾರೂ ಮಣ್ಣಿಗೂ ಹೋಗ್ಲಿಲ್ರಿ." ಮತ್ತೆ ಮುಖ ಅರಳಿಸಿ, "ತಂಗೀ ಸಾಲಿ ಮಾತ್ರ ಬಿಡಿಸಿಲ್ಲ ಟೀಚರ್. ಈಗ ಎಂಟನೇ ಕ್ಲಾಸು. ನೀವಿದ್ರಿ ಅಂತ ಒಂಬತ್ತರ ತನಾ ನಾನೂ ಕಲತೆ," ಎಂದಳು.

ನಾನಿದ್ದೆ ಅಂತ. ಆಗಲಾದರೂ ಬಾಯಿ ಬಿಡಬೇಕಿತ್ತು. ಗಾಡಿ ಬಂತು. ಅವಳ ನಂಬರು ಬರೆದುಕೊಂಡು ಹತ್ತಿಬಿಟ್ಟೆ.

ಅದಾಗಿ ಎರಡು ವರ್ಷ. ನಿನ್ನೆ ಫೋನು ಮಾಡಿದೆ. ತಾಯಿಯೂ ಮನೆಯಲ್ಲಿರುವ ದಿನ ಬರುತ್ತೇನೆ, ಇಬ್ಬರಿಗೂ ಒಂದು ಮಾತು ಹೇಳುವುದಿದೆ ಎಂದೆ. ಭಾನುವಾರ ಬನ್ನಿ ಎಂದಳು. ಏನು ಮಾತು ಎಂದು ಕೇಳಲಿಲ್ಲ. ನಮ್ಮ ಮನೆಗೆ ಟೀಚರ್ ಬರುತ್ತಿರುವುದು ಇದೇ ಮೊದಲು, ಊಟಕ್ಕೆ ಏನು ಮಾಡಿಸಲಿ ಎಂದು ಕೇಳಿದಳು.