ಪರದೇಶದ ಕರಿಮಣಿ

ಅಟ್ಟೂರಿನ ನಮ್ಮ ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ನನ್ನ ಗಂಡ ತಲೆಯೆತ್ತಿ ನೋಡಿ, "ನಿನ್ನ ಓಲೆ ಬಂತು ಕಣೇ, ಗೇಟ್ ತೆಗಿ" ಎನ್ನುತ್ತಾರೆ. ಈ ಮಾತಿಗೆ ಅವರಲ್ಲಿ ಸಾಕಷ್ಟು ಆಧಾರವಿದೆ. ಪರದೇಶದ ಮಾರಾಟಗಾರರ ಹತ್ತಿರ ಇರುವ ವಿಚಿತ್ರ ಒಡವೆಗಳನ್ನು ಆನ್‌ಲೈನಿನಲ್ಲಿ ಹುಡುಕಿ ತರಿಸಿಕೊಳ್ಳುವುದು ನನ್ನ ಚಟ. ಚಿನ್ನ ಬೇಕೆಂದರೆ ಯಲಹಂಕದಲ್ಲೇ ಬೇಕಾದಷ್ಟು ಅಂಗಡಿಗಳಿವೆ, ಹೋದ ಕೂಡಲೇ ಕೂರಿಸಿ ಜ್ಯೂಸ್ ಕೊಡುತ್ತಾರೆ. ಆದರೆ ಅಲ್ಲಿ ಕೊಂಡದ್ದು ಮುಂದಿನ ಮದುವೆಯಲ್ಲಿ ಇನ್ನೂ ಹತ್ತು ಜನರ ಕಿವಿಯಲ್ಲಿ ಕಾಣಿಸುತ್ತದೆ. ನನಗೆ ಬೇಕಾದದ್ದು, ನೋಡಿದವರು "ಇದೇನ್ರೀ ಇದು?" ಎಂದು ಕೇಳಲೇಬೇಕಾದ ಒಡವೆ.

ಹಾಗಾಗಿ ನಮ್ಮ ಬೀರುವಿನಲ್ಲಿ ಫಿನ್‌ಲೆಂಡಿನ ಹಿಮಸಾರಂಗದ ಕೊಂಬಿನ ಪದಕವಿದೆ. ಮೆಕ್ಸಿಕೋದ ಬೆಳ್ಳಿ ಓಲೆಗಳಿವೆ, ಅವು ಪುಟ್ಟ ಅಂಗೈಗಳ ಆಕಾರದಲ್ಲಿದ್ದು ನಾನು ನಡೆದರೆ ಬೈ ಬೈ ಹೇಳುತ್ತವೆ. ಲಿಥುವೇನಿಯಾದಿಂದ ತರಿಸಿದ, ಕಲ್ಲಾದ ಮರದಂಟಿನ ಹಳದಿ ಅಂಬರಿನ ಉಂಗುರದೊಳಗೆ ಎಷ್ಟೋ ಯುಗಗಳ ಹಿಂದೆ ಸಿಕ್ಕಿಕೊಂಡ ಸೊಳ್ಳೆಯೊಂದಿದೆ. ಅದನ್ನು ನೋಡಿದ ದಿನ ನನ್ನ ಗಂಡ ತುಂಬ ಹೊತ್ತು ಯೋಚಿಸಿ, "ಸೊಳ್ಳೆನೇ ಬೇಕಿದ್ರೆ ಹೆಬ್ಬಾಳ ಕೆರೆ ಹತ್ರ ಒಂದು ಸಂಜೆ ನಿಲ್ಲಿಸ್ತಿದ್ದೆನಲ್ಲೇ" ಎಂದರು. ಆ ಉಂಗುರ ಹಾಕಿಕೊಂಡಾಗಲೆಲ್ಲ ಮನೆಯಲ್ಲಿ ಯಾರಾದರೂ ಒಬ್ಬರು ಚಪ್ಪಾಳೆ ಹೊಡೆದು ಕೊಲ್ಲುವ ಅಭಿನಯ ಮಾಡುತ್ತಾರೆ. ನನಗೆ ಅಭ್ಯಾಸವಾಗಿದೆ.

ಈ ಹುಡುಕಾಟದಲ್ಲಿ ನನಗೊಬ್ಬ ಜೊತೆಗಾತಿ ಇದ್ದಳು. ಅದು ನನ್ನ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಕುಳಿತು ಟ್ಯಾಬ್‌ನಲ್ಲಿ ಫೋಟೋಗಳನ್ನು ಹಿಗ್ಗಿಸಿ ನೋಡುತ್ತಿದ್ದಳು. ಉತ್ತರ ಪತ್ರಿಕೆ ತಿದ್ದುವ ಗತ್ತು ಇನ್ನೂ ಹೋಗಿರಲಿಲ್ಲ. "ಇದಕ್ಕೆ ತಿರುಪು ಇಲ್ವಲ್ಲೇ. ಬರೀ ಕೊಕ್ಕೆ. ಬಸ್ಸಲ್ಲಿ ಬಿದ್ರೆ ಗೊತ್ತೂ ಆಗಲ್ಲ" ಎಂದು ಟರ್ಕಿಯವನೊಬ್ಬನ ಓಲೆಗಳನ್ನೆಲ್ಲ ಒಂದೇ ಏಟಿಗೆ ಫೇಲು ಮಾಡಿದಳು. ಅವಳು ಪಾಸು ಮಾಡಿದ್ದನ್ನು ಮಾತ್ರ ನಾನು ತರಿಸುತ್ತಿದ್ದೆ. ಪಾಸು ಮಾಡುವಾಗ ಅವಳು ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ. "ಚೆನ್ನಾಗಿದೆ. ನಿನಗೆ."

ಆ "ನಿನಗೆ" ನನಗೆ ಹಿಡಿಸುತ್ತಿರಲಿಲ್ಲ. ಒಡವೆ ಎಂದರೆ ಅಮ್ಮನಿಗೆ ನನಗಿಂತ ಹೆಚ್ಚು ಆಸೆ. ಅಪ್ಪ ಹೋದ ಮೇಲೆ ಯಾರೂ ಹೇಳುವ ಮೊದಲೇ ತಾಳಿ, ಸರ, ಬಳೆ ಎಲ್ಲವನ್ನೂ ತಾನೇ ತೆಗೆದಿಟ್ಟಳು. ಆದರೆ ಅವಳ ಬಲಗೈಗೆ ಮಾತ್ರ ಈ ಸಂಗತಿ ತಿಳಿಯಲಿಲ್ಲ. ಏನಾದರೂ ಯೋಚಿಸುವಾಗ ತಾಳಿಸರವನ್ನು ಬೆರಳಿಗೆ ಸುತ್ತುವುದು ಅವಳ ಹಳೆಯ ಅಭ್ಯಾಸ. ಇಡೀ ಯಲಹಂಕದ ಮಕ್ಕಳು ಆ ಭಂಗಿಯನ್ನು ಅಣಕಿಸಿದ್ದರು. ಈಗಲೂ ಕೈ ಕುತ್ತಿಗೆಯವರೆಗೆ ಹೋಗುತ್ತದೆ, ಅಲ್ಲಿ ಏನೂ ಸಿಗದೆ ಸೆರಗು ಸರಿಮಾಡಿ ಹಿಂದಕ್ಕೆ ಬರುತ್ತದೆ. ಅದನ್ನು ನೋಡುವುದು ನನಗೆ ಕಷ್ಟ.

"ಒಂದು ಚಿನ್ನದ ಚೈನ್ ಆದ್ರೂ ಹಾಕ್ಕೋ. ಎಲ್ಲರೂ ಹಾಕ್ಕೋತಾರೆ, ಯಾರು ಬೇಡ ಅಂದ್ರು?" ಎಂದು ಎಷ್ಟೋ ಸಲ ಹೇಳಿದ್ದೆ.

"ಯಾರೂ ಬೇಡ ಅಂದಿಲ್ಲ ಕಣೇ. ಹಾಕ್ಕೋ ಅಂತಾನೂ ಯಾರೂ ಅಂದಿಲ್ವಲ್ಲ."

"ನಾನು ಹೇಳ್ತಾ ಇದೀನಲ್ಲ?"

"ನೀನು ಮಗಳು. ನಿನ್ನ ಮಾತು ಲೆಕ್ಕಕ್ಕಿಲ್ಲ."

ಗಣಿತದ ಮಿಸ್ಸಿಗೆ ಸೂತ್ರವಿಲ್ಲದೆ ಉತ್ತರ ಬರೆದರೆ ಮನಸ್ಸು ಒಪ್ಪುವುದಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆಯ ಒಡವೆಗಳಿಗೆಲ್ಲ ಒಂದೊಂದು ಕಟ್ಟಳೆ ಅಂಟಿಕೊಂಡಿದೆ. ಕಾಲುಂಗುರ ಯಾರದು, ಹಸಿರು ಬಳೆ ಯಾರದು ಎಂದು ಚಿಕ್ಕ ಮಗುವೂ ಹೇಳುತ್ತದೆ. ಆದರೆ ಸಾಗರದಾಚೆಯಿಂದ ಬಂದ ಒಡವೆಗೆ ಯಾವ ಕಟ್ಟಳೆ? ನಮ್ಮ ಹಿರಿಯರಾರೂ ಹಿಮಸಾರಂಗದ ಬಗ್ಗೆ ಏನೂ ಹೇಳಿಹೋಗಿಲ್ಲ. ಅಮ್ಮನ ಕುತ್ತಿಗೆಗೆ ಅಂಥದ್ದನ್ನೇ ಹುಡುಕಬೇಕೆಂದು ತೀರ್ಮಾನಿಸಿದೆ.

ನಾನು ಅಮ್ಮನನ್ನು ಕಡಿಮೆ ಅಂದಾಜು ಮಾಡಿದ್ದೆ. ಅಂಬರಿನ ಸರ ತೋರಿಸಿದರೆ, "ಅರಿಶಿನದ ಬಣ್ಣ. ಬೇಡ." ಇಟಲಿಯ ಹವಳ ತೋರಿಸಿದರೆ, "ಹವಳ ತಾಳಿ ಜೊತೆ ಪೋಣಿಸೋದು. ನಂಗ್ಯಾಕೆ?" ಹಸಿರು ಗಾಜಿನ ಮಣಿಗಳು ಬಳೆಯ ಬಣ್ಣ ಎಂದು ಬಿದ್ದುಹೋದವು. ಕೊನೆಗೆ ಕೊಂಬಿನ ಪದಕ ಹಿಡಿದು ಹೋದೆ. ಅದಕ್ಕಂತೂ ಏನೂ ಹೇಳಲಾರಳು ಎಂದುಕೊಂಡಿದ್ದೆ. "ಸತ್ತ ಪ್ರಾಣಿ ಕೊಂಬು ಕಟ್ಕೊಂಡು ದೇವರ ಮುಂದೆ ಹೆಂಗೇ ಕೂರ್ಲಿ?" ಎಂದಳು. ಆ ನಿಯಮವನ್ನು ಅವಳು ಅದೇ ನಿಮಿಷದಲ್ಲಿ ಮಾಡಿದ್ದಳು ಎಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ.

ಅಷ್ಟರಲ್ಲಿ ನನ್ನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಮಗಳದು ಒಂದೇ ಹಟ, ಅಜ್ಜಿ ಮುಂದಿನ ಸಾಲಿನಲ್ಲಿ ಕೂರಬೇಕು. ಅಮ್ಮ ನಕ್ಕಳು. ಅವಳ ಜಾಗ ಆಗಲೇ ನಿಗದಿಯಾಗಿತ್ತು, ನಮ್ಮ ಸೋದರತ್ತೆಯ ಪಕ್ಕ, ಕಟ್ಟಕಡೆಯ ಸಾಲಿನಲ್ಲಿ. ಸೋದರತ್ತೆ ಅಪ್ಪನ ಅಕ್ಕ, ಹುಣಸಮಾರನಹಳ್ಳಿಯವರು. ತೀರ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಬರಿ ಕುತ್ತಿಗೆ. ಯಾವುದೇ ಶುಭಕಾರ್ಯದಲ್ಲಿ ಆರತಿ ಹತ್ತಿರ ಬರುವ ಮೊದಲೇ ತಾವಾಗಿ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಅಪ್ಪ ಹೋದ ಮೇಲೆ ಪಕ್ಕದ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟು, "ಬಾ ಅಮ್ಮಿ, ನಮ್ ಜಾಗ ಇಲ್ಲಿ" ಎಂದು ಅಮ್ಮನನ್ನೂ ಕರೆದು ಕೂರಿಸಿಕೊಳ್ಳತೊಡಗಿದ್ದರು. ಅದರಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ಜಗಳ ಆಡಲೂ ಆಗುತ್ತಿರಲಿಲ್ಲ.

ನಿಶ್ಚಿತಾರ್ಥಕ್ಕೆ ನನಗೇ ಒಂದು ಕರಿಮಣಿ ಬೇಕೆನಿಸಿ ಹುಡುಕುತ್ತಿದ್ದಾಗ ಇಂಗ್ಲೆಂಡಿನ ಸಮುದ್ರದಂಡೆಯ ಊರೊಂದರ ಅಂಗಡಿ ಕಣ್ಣಿಗೆ ಬಿತ್ತು. ಅಲ್ಲಿ ಸಿಗುವ ಕಪ್ಪು ಮಣಿಗೆ ಜೆಟ್ ಎನ್ನುತ್ತಾರೆ. ನೋಡಲು ಕಲ್ಲು, ಆದರೆ ನಿಜವಾಗಿ ಯಾವುದೋ ಕಾಲದಲ್ಲಿ ಹೂತುಹೋಗಿ ಕಪ್ಪಾದ ಮರ. ಕೈಯಲ್ಲಿ ಹಿಡಿದರೆ ಭಾರವೇ ಇರುವುದಿಲ್ಲ. ಅಂಗಡಿಯ ಒಡತಿ ಬೇಕಾದರೆ ವಿಡಿಯೋ ಕಾಲ್ ಮಾಡಿ ತೋರಿಸುತ್ತೇನೆ ಎಂದಳು. ಒಂದು ಮಧ್ಯಾಹ್ನ ಮಾಡಿದೆವು. ಬಿಳಿ ಕೂದಲಿನ ಗಂಟಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಹೆಂಗಸು. ನನ್ನ ಪಕ್ಕದಲ್ಲಿ ಅಮ್ಮ ರಾತ್ರಿಯ ಸಾರಿಗೆ ಅವರೆಕಾಳು ಹಿತುಕುತ್ತಿದ್ದಳು.

ಪರದೇಶದವರ ಮುಂದೆ ನಮ್ಮ ಸಂಸ್ಕೃತಿಯ ರಾಯಭಾರಿಯಾಗುವ ಚಪಲ ನನಗೆ ಮೊದಲಿನಿಂದಲೂ ಇದೆ. ನಮ್ಮಲ್ಲಿ ಕಪ್ಪು ಮಣಿಗೆ ಬಹಳ ಬೆಲೆ, ಗಂಡ ಬದುಕಿರುವ ಹೆಂಗಸು ಮಾತ್ರ ಅದನ್ನು ಧರಿಸುತ್ತಾಳೆ ಎಂದು ಭಾಷಣ ಬಿಗಿದೆ. ಆ ಹೆಂಗಸು ಕಣ್ಣರಳಿಸಿದಳು. ಇಲ್ಲಿ ಸರಿಯಾಗಿ ತಿರುಗುಮುರುಗು, ಇದನ್ನು ಮಾಡುತ್ತಿದ್ದದ್ದೇ ವಿಧವೆಯರಿಗೆ ಎಂದಳು. ಹಿಂದೆ ಅವರ ರಾಣಿಯೊಬ್ಬಳು ಗಂಡ ಸತ್ತ ಮೇಲೆ ಕಪ್ಪುಡುಗೆ, ಕಪ್ಪು ಒಡವೆಯಲ್ಲೇ ಜೀವಮಾನ ಕಳೆದಳಂತೆ, ಊರಿನ ಹೆಂಗಸರೆಲ್ಲ ಅವಳನ್ನು ಅನುಸರಿಸಿದರಂತೆ.

ಅವರೆಕಾಳಿನ ಪಿಚಕ್ ಪಿಚಕ್ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡಳು. ತನ್ನ ತಿದ್ದಿ ತೀಡಿದ ಸ್ಕೂಲ್ ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದಳು. ವಿಧವೆಯರು ಇದನ್ನು ಹಾಕಬಹುದಿತ್ತೋ, ಹಾಕಲೇಬೇಕಿತ್ತೋ?

ಮರ್ಯಾದಸ್ಥ ಮನೆಯವರಾದರೆ ಹಾಕಲೇಬೇಕಿತ್ತು ಎಂದಳು ಅವಳು. ಮೊದಮೊದಲು ಹೊಳಪಿಲ್ಲದ ಮಣಿ, ವರ್ಷ ಕಳೆದ ಮೇಲೆ ಪಾಲಿಶ್ ಮಾಡಿದ್ದು. ಆದರೆ ಅದೆಲ್ಲ ಹಳೆಯ ಕಾಲದ ಮಾತು, ಈಗ ಯಾರೂ ಪಾಲಿಸುವುದಿಲ್ಲ ಎಂದೂ ಸೇರಿಸಿದಳು. ಆ ಕೊನೆಯ ವಾಕ್ಯ ಅಮ್ಮನ ಕಿವಿಗೆ ಬೀಳಲೇ ಇಲ್ಲ.

"ನೀವು?" ಎಂದು ಕೇಳಿದಳು ಅಮ್ಮ.

ಆ ಹೆಂಗಸು ಸ್ಕಾರ್ಫಿನ ಒಳಗಿಂದ ಒಂದು ಕಪ್ಪು ಸರ ಹೊರಗೆಳೆದು ತೋರಿಸಿದಳು. ಗಂಡ ಹೋದ ಮೇಲೆ ಹಾಕಿಕೊಂಡೆ, ನಿಯಮಕ್ಕೆಂದು ಅಲ್ಲ, ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು ಎಂದಳು. ಅಮ್ಮ ಟ್ಯಾಬ್ ಹತ್ತಿರಕ್ಕೆ ಬಗ್ಗಿ ಆ ಸರವನ್ನೇ ನೋಡಿದಳು. ಕಾಲ್ ಮುಗಿದ ಮೇಲೆ ಮತ್ತೆ ಅವರೆಕಾಳಿಗೆ ಕೈ ಹಾಕುತ್ತ, "ಪಾಲಿಶ್ ಮಾಡಿದ್ದೇ ತರ್ಸು. ನಂದು ಮೊದಲ್ನೇ ವರ್ಷ ದಾಟಿ ಎಷ್ಟೋ ಆಯ್ತು" ಎಂದಳು.

ಖುಷಿಯಲ್ಲಿ ಆರ್ಡರ್ ಮಾಡಿಬಿಟ್ಟೆ. ಹೆದರಿಕೆ ಆಮೇಲೆ ಶುರುವಾಯಿತು. ಇಂಗ್ಲೆಂಡಿನಲ್ಲಿ ಅದು ಏನೇ ಇರಲಿ, ಅಟ್ಟೂರಿನಲ್ಲಿ ಅದು ಕರಿಮಣಿ. ಅಂಬರು, ಹವಳ, ಕೊಂಬು ಇವನ್ನೆಲ್ಲ ನೋಡಿ ಜನ ಹುಬ್ಬೇರಿಸಿ ಬಿಟ್ಟಾರು. ಗಂಡನಿಲ್ಲದ ಅಮ್ಮ ಕರಿಮಣಿ ಹಾಕಿಕೊಂಡು ಮೊಮ್ಮಗಳ ನಿಶ್ಚಿತಾರ್ಥಕ್ಕೆ ಬಂದರೆ, ಬೀಗರ ಮುಂದೆ ಯಾರಾದರೂ ಒಂದು ಮಾತು ಅಂದರೆ, ಅಮ್ಮ ಇನ್ನು ಆ ಹಿಂದಿನ ಸಾಲಿಗೂ ಬರುವುದಿಲ್ಲ. ಪಾರ್ಸೆಲ್ಲು ಕಸ್ಟಮ್ಸ್‌ನಲ್ಲೇ ಸಿಕ್ಕಿಹಾಕಿಕೊಳ್ಳಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡೆ. ನನ್ನ ಗಂಡ ನನ್ನ ಮುಖ ನೋಡಿ, "ಇಷ್ಟ್ ದಿನ ಹಾಕ್ಕೋ ಹಾಕ್ಕೋ ಅಂತ ಅವರ ತಲೆ ತಿಂದೆ. ಈಗ ಹಾಕ್ಕೋತೀನಿ ಅಂದ್ರೆ ನಿಂಗೆ ಜ್ವರ ಬರುತ್ತಲ್ಲೇ" ಎಂದರು. ಪಾರ್ಸೆಲ್ಲು ಎಂದೂ ಇಲ್ಲದಷ್ಟು ಬೇಗ ಬಂತು.

"ಜನ ಕರಿಮಣಿ ಅಂದ್ಕೋತಾರಮ್ಮ" ಎಂದೆ.

"ಕೇಳಿದ್ರೆ ಹೇಳ್ತೀನಿ."

"ಕೇಳ್ದೆ ಅವರವರೇ ಆಡ್ಕೊಂಡ್ರೆ?"

"ಕೇಳದವರಿಗೆ ನಾನ್ಯಾಕೆ ಉತ್ತರ ಕೊಡ್ಲಿ?"

ನಿಶ್ಚಿತಾರ್ಥ ಯಲಹಂಕ ನ್ಯೂ ಟೌನಿನ ಛತ್ರದಲ್ಲಿ. ಅಮ್ಮ ಬೂದು ಬಣ್ಣದ ರೇಷ್ಮೆ ಸೀರೆ ಉಟ್ಟು, ಆ ಉದ್ದ ಸರವನ್ನು ಎರಡು ಸುತ್ತು ಹಾಕಿಕೊಂಡು ಬಂದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ನನಗೆ ಅಳು ಬಂತು, ಅದರ ಜೊತೆಗೇ ಹೆದರಿಕೆಯೂ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹೆಂಗಸರು ಅಮ್ಮನ ಮುಖ ನೋಡಿ ನಕ್ಕರು, ಕುತ್ತಿಗೆ ನೋಡಿ ನಗು ನಿಲ್ಲಿಸಿದರು. ಅವರಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳುವವರು ಕಡೆಯ ಸಾಲಿನಲ್ಲಿ, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಹೂವಿನ ತಟ್ಟೆಯನ್ನು ಯಾರ ಕೈಗೋ ತುರುಕಿ ಅಮ್ಮನ ಹಿಂದೆಯೇ ಓಡಿದೆ.

"ಏನಮ್ಮಿ ಅದು ಕತ್ನಾಗೆ?" ಎಂದರು ಸೋದರತ್ತೆ.

"ಸರ ಅತ್ಗೆ."

"ಕರೀ ಮಣಿ."

"ಹೂಂ. ಇಂಗ್ಲೆಂಡಿಂದು. ಅಲ್ಲಿ ಗಂಡ ಹೋದೋರು ಇದನ್ನ ಹಾಕ್ಕೊಳ್ಲೇಬೇಕು. ಹಾಕ್ಕೊಳ್ದೆ ಇದ್ರೆ ಜನ ಆಡ್ಕೋತಾರೆ." ಅದು ಹಳೆಯ ಕಾಲದ ಮಾತೆಂಬುದನ್ನು ಅಮ್ಮ ಇಲ್ಲೂ ಕೈಬಿಟ್ಟಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸೋದರತ್ತೆ ಕೈ ಚಾಚಿ ಒಂದು ಮಣಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು.

"ಅವ್ರು ಅಷ್ಟ್ ವರ್ಸ ನಮ್ಮೇಲೆ ದರ್ಬಾರ್ ಮಾಡುದ್ರಲ್ಲ," ಎಂದರು ಅವರು ಕೊನೆಗೆ, "ಓಗೋವಾಗ ಇದೊಂದ್ನಾದ್ರೂ ಯೋಳ್ಕೊಟ್ಟು ಓಗ್ಬಾರ್ದಾಗಿತ್ತಾ?"

ನನಗೆ ತಡೆಯಲಾಗದೆ ನಗು ಬಂತು. ಅಮ್ಮನೂ ನಕ್ಕಳು. ಸೋದರತ್ತೆ ಮಾತ್ರ ನಗಲಿಲ್ಲ. ಮುಂದಿನಿಂದ ನನ್ನ ಮಗಳು ಅಜ್ಜಿ ಅಜ್ಜಿ ಎಂದು ಕೈಬೀಸಿ ಕರೆಯುತ್ತಿದ್ದಳು.

"ಬನ್ನಿ ಅತ್ಗೆ, ಇಬ್ರೂ ಮುಂದೆ ಕೂರೋಣ" ಎಂದಳು ಅಮ್ಮ.

"ಬೋಳ್ ಕತ್ತಾಗೆ ನಾನೆಲ್ಲಿ ಬರ್ಲಿ ಮುಂದಕ್ಕೆ? ನೀನು ಓಗು." ಹಾಗೆಂದರೂ ಮಣಿಯನ್ನು ಬಿಡಲಿಲ್ಲ. ಅದರ ಮೇಲೆ ಬೆರಳಾಡಿಸುತ್ತಲೇ, ನಮ್ಮಿಬ್ಬರ ಮುಖ ನೋಡದೆ ಕೇಳಿದರು. "ಉದ್ದಾಗೇ ಐತಲ್ಲ ಇದು. ಕಿತ್ತು ಕಟ್ಟುದ್ರೆ ಎಲ್ಡಾಯ್ತದಾ?"

ಅಮ್ಮ ಕುರ್ಚಿಯ ಮೇಲಿದ್ದ ಚೀಲವನ್ನು ಕೆಳಗಿಟ್ಟು ಅವರ ಪಕ್ಕ ಕೂತಳು. ಸರವನ್ನು ಬಿಚ್ಚಿ ಮಡಿಲಲ್ಲಿ ಹಾಕಿಕೊಂಡು ನನ್ನ ಕಡೆ ತಿರುಗಿ, "ಹೂವಿನ ತಟ್ಟೇಲಿ ದಾರದುಂಡೆ ಇದೆ, ಬೇಗ ತಗೊಂಡ್ ಬಾರೇ" ಎಂದಳು.