ಬಿಸಿಲೊಲೆಯಲ್ಲಿ ಚೀಸು, ಅಡ್ಡಗದ್ದೆಯಲ್ಲಿ ಗಿಣ್ಣು

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ನೋಡಿದ ಕಂಡಕ್ಟರ್ ಮೊದಲು ಅದನ್ನು ಟಿವಿ ಎಂದುಕೊಂಡ. ಅಲ್ಲ, ಒಲೆ ಎಂದೆ.

"ಸ್ಟೋವೆಲ್ಲ ಬಸ್ಸಲ್ಲಿ ಹಾಕಂಗಿಲ್ಲ ಮೇಡಂ. ಸೀಮೆಎಣ್ಣೆ ಸೋರ್ತದೆ."

"ಇದಕ್ಕೆ ಸೀಮೆಎಣ್ಣೆ ಬೇಡ. ಬಿಸಿಲಿಗಿಟ್ಟರೆ ಸಾಕು, ಬೇಯ್ತದೆ."

ಅವನು ಮುಚ್ಚಳ ಎತ್ತಿ, ಒಳಗಿನ ಕನ್ನಡಿಯಲ್ಲಿ ಮೀಸೆ ಸರಿಮಾಡಿಕೊಂಡ. "ಹಂಗಾದ್ರೆ ಟಾಪಿಗೆ ಹಾಕನ ಮಾರಾಯ್ರೆ. ಎನ್.ಆರ್.ಪುರ ಮುಟ್ಟೋ ಹೊತ್ತಿಗೆ ಅನ್ನ ಆಗಿರ್ತದೆ." ಕನ್ನಡಿ ಒಡೆದೀತೆಂದು ನಾನು ಗೋಗರೆದ ಮೇಲೆ ಹಿಂದಿನ ಸೀಟಿನಲ್ಲಿ ಜಾಗ ಕೊಟ್ಟು, ಪೆಟ್ಟಿಗೆಗೂ ಅರ್ಧ ಟಿಕೆಟ್ ಹರಿದ. ಮಗುವಿನ ತಾಯಿಯಂತೆ ಅದನ್ನು ಹಿಡಿದುಕೊಂಡು ಕೂತೆ.

ಆಗ ಫೆಬ್ರವರಿ. ಮೊಬೈಲು ಬಂದಿದ್ದರೂ ಮಲೆನಾಡಿನ ಹಳ್ಳಿಗಳಲ್ಲಿ ಗುಡ್ಡ ಹತ್ತಿದರೆ ಮಾತ್ರ ಮಾತು ಕೇಳಿಸುತ್ತಿದ್ದ ವರ್ಷಗಳು. ನನ್ನ ಪೆಟ್ಟಿಗೆ ಸೂಟ್‌ಕೇಸಿನಷ್ಟು ದೊಡ್ಡದು. ಒಳಗೆಲ್ಲ ಕಪ್ಪು ಬಣ್ಣ, ಮೇಲೊಂದು ಗಾಜು, ಅದರ ಮೇಲೆ ಕನ್ನಡಿ ಅಂಟಿಸಿದ ಮುಚ್ಚಳ, ನಾಲ್ಕು ಕಪ್ಪು ಡಬ್ಬಿ. ಕನ್ನಡಿ ಬಿಸಿಲನ್ನು ಒಳಗೆ ತಳ್ಳುತ್ತದೆ, ಗಾಜು ಅದನ್ನು ಹೊರಗೆ ಬಿಡುವುದಿಲ್ಲ. ಇಷ್ಟೇ ಅದರ ಗುಟ್ಟು. ಹೊಸ ಯಂತ್ರ ಕಂಡರೆ ಮನೆಗೆ ತರುವುದು ನನ್ನ ಹಳೆಯ ಚಾಳಿ, ಆದರೆ ಈ ಸಲ ತಂದದ್ದು ನನಗಲ್ಲ, ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿರುವ ನನ್ನ ಅಕ್ಕ ಸಾವಿತ್ರಿಗೆ.

ಅಕ್ಕನಿಗೆ ಉಬ್ಬಸ. ಹೊಗೆಯ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಹೇಳಿ ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ಗ್ಯಾಸ್ ಇತ್ತು, ಆದರೆ ಅದು ಕಾಫಿಗೆ ಮಾತ್ರ. ಮಿಕ್ಕದ್ದೆಲ್ಲ ಸೌದೆ ಒಲೆಯಲ್ಲೇ ಆಗಬೇಕು. ಹಾಗಾಗಿ ಅಡುಗೆಮನೆ ಅವಳ ಅತ್ತೆ ಗಂಗಮ್ಮನವರ ಪಾಲಾಗಿ, ಅಕ್ಕನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ಊರಿನ ಯಾವ ಮದುವೆಯಾದರೂ ಹೋಳಿಗೆ ಹೂರಣ ರುಬ್ಬುವಾಗ ನೆನಪಾಗುತ್ತಿದ್ದ ಹೆಂಗಸು ಅವಳು. "ತಟ್ಟೆ ಮುಂದಿಟ್ಟು ಉಣ್ಣು ಅಂತಾರೆ ಕಣೇ, ನೆಂಟರಿಗೆ ಇಟ್ಟ ಹಾಗೆ," ಎಂದು ಫೋನಿನಲ್ಲಿ ಹೇಳಿದ್ದಳು. ಆ ಮಾತು ನನಗೆ ಚುಚ್ಚಿತು. ಹೊಗೆಯಿಲ್ಲದ ಒಲೆಯೊಂದನ್ನು ಅವಳ ಕೈಗೆ ಕೊಡಲೇಬೇಕೆಂದು ಹೊರಟೆ. ಮೊದಲಿಗೆ ಸುಲಭದ್ದೇ ಇರಲಿ, ಬ್ರೆಡ್ಡಿನ ಮೇಲೆ ಚೀಸ್ ಕರಗಿಸುವುದು ಸಾಕು ಎಂದೂ ಯೋಚಿಸಿದ್ದೆ.

ಚೀಸ್ ಎಂದರೆ ಎಂತದೆಂದು ಅಕ್ಕ ಕೇಳಿದ್ದಳು. ಫೋನು ಕರಕರ ಅನ್ನುತ್ತಿತ್ತು. "ಹಾಲಿಂದು, ಗಿಣ್ಣು ಇದ್ದ ಹಾಗೆ," ಎಂದು ಕೂಗಿ ಹೇಳಿ ಇಟ್ಟಿದ್ದೆ. ಆ ಕೂಗಿನಲ್ಲಿ ಎಷ್ಟು ಅವಳಿಗೆ ಮುಟ್ಟಿತ್ತೋ ಅಡ್ಡಗದ್ದೆಗೆ ಹೋದ ಮೇಲೆ ಗೊತ್ತಾಯಿತು.

ಉಂಬ್ಳೇಬೈಲಿನ ಕಾಡು ದಾಟಿ ಮುತ್ತಿನಕೊಪ್ಪಕ್ಕೆ ಬಂದಾಗ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಹತ್ತಿದರು. ಬಸ್ಸಿನ ಕುಲುಕಾಟಕ್ಕೆ ಮುಚ್ಚಳ ತೆರೆದುಕೊಂಡು ಕನ್ನಡಿ ಹೊಳೆಯಿತು. "ಮದುವೆ ಸಾಮಾನಾ?" ಎಂದು ಒಬ್ಬಳು ಕೇಳಿದಳು. ಬಿಸಿಲಿನಲ್ಲಿ ಬೇಯಿಸುವ ಒಲೆ ಎಂದೆ. "ಬಿಸಿಲಲ್ಲಿ ಬೇಯೋದು ನಮಗೆ ಗೊತ್ತುಂಟು, ಒಲೆ ಎಂತಕ್ಕೆ?" ಎಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು ಮುಚ್ಚಳ ಒತ್ತಿ ಮುಚ್ಚಿದೆ.

ನರಸಿಂಹರಾಜಪುರದಲ್ಲಿ ಗೆಳತಿ ವಸಂತಾ ಮನೆಯಲ್ಲಿ ಇಳಿದೆ. ಅವಳ ತಾರಸಿಯೇ ನನ್ನ ಪ್ರಯೋಗಶಾಲೆ. ಒದ್ದೆ ಬಟ್ಟೆ ಸುತ್ತಿ ತಂದಿದ್ದ ಚೀಸನ್ನು ತುರಿದೆವು. ಬ್ರೆಡ್ಡಿನ ಮೇಲೆ ಈರುಳ್ಳಿ, ಹಸಿಮೆಣಸು, ಟೊಮೆಟೊ ಹರಡಿ, ಮೇಲೆ ಚೀಸ್ ಉದುರಿಸಿ ಒಳಗಿಟ್ಟು ಕೂತೆವು. ಕೂತೆವು ಎಂದರೆ ಸುಳ್ಳಾಗುತ್ತದೆ. ವಸಂತಾ ಒಮ್ಮೆ ಗಾಜು ಎತ್ತಿ ಇಣುಕಿದಳು, ನಾನೊಮ್ಮೆ ಇಣುಕಿದೆ, ಪಕ್ಕದ ತಾರಸಿಯಿಂದ ಬಂದವರೂ ಒಮ್ಮೆ ಇಣುಕಿದರು. ಗಂಟೆ ಕಳೆದರೂ ಬ್ರೆಡ್ಡು ತಣ್ಣಗೆ ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಊಟಕ್ಕೆ ಕೆಳಗಿಳಿದು, ಅದನ್ನು ಮರೆತು, ಹರಟೆ ಹೊಡೆದು ಮೇಲೆ ಬಂದರೆ ಚೀಸ್ ಬುರುಬುರು ಕರಗಿ ಅಂಚು ಹೊಂಬಣ್ಣಕ್ಕೆ ತಿರುಗಿತ್ತು.

"ಇದಕ್ಕೆ ನಮ್ಮಂಥವರ ಕಣ್ಣು ಬೀಳಬಾರ್ದು ಮಾರಾಯ್ತಿ," ಎಂದಳು ವಸಂತಾ. ಅವಳ ಮಾತು ಸರಿ. ಗಾಜು ಎತ್ತಿದಾಗಲೆಲ್ಲ ಕೂಡಿಟ್ಟ ಶಾಖ ಹಾರಿಹೋಗುತ್ತದೆ. ಹುಟ್ಟಾ ಕುತೂಹಲದವಳಾದ ನಾನು ಕುತೂಹಲವೇ ವೈರಿಯಾದ ಒಲೆಯನ್ನು ಹೊತ್ತು ತಿರುಗುತ್ತಿದ್ದೆ! ಬ್ರೆಡ್ಡು ಮಾತ್ರ ಬಹಳ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅಕ್ಕನಿಗೆಂದು ತಂದ ಚೀಸಿನಲ್ಲಿ ಮುಕ್ಕಾಲು ಪಾಲು ಆ ಸಂಜೆಯೊಳಗೆ ಖರ್ಚಾಯಿತು.

ಮರುದಿನ ಕೊಪ್ಪದಲ್ಲಿ ಬಸ್ ಬದಲಿಸಬೇಕಿತ್ತು. ಇಬ್ಬನಿ ಇನ್ನೂ ಕರಗಿರಲಿಲ್ಲ. ಚೀಸ್ ಕೇಳಲು ಬಸ್ ನಿಲ್ದಾಣದ ಹತ್ತಿರದ ಬೇಕರಿಗೆ ಹೋದೆ. "ಬೆಣ್ಣೆ ಉಂಟು, ಚೀಸ್ ಯಾರೂ ಕೇಳೂದಿಲ್ಲ," ಎಂದ ಬೇಕರಿಯವನು ಪೆಟ್ಟಿಗೆಯನ್ನು ಸುತ್ತಿ ನೋಡಿದ. "ಮಳೆಗಾಲಕ್ಕೆ ಎಂತ ಮಾಡ್ತೀರಿ?" ಜೂನಿನಿಂದ ಇದು ಅಟ್ಟ ಸೇರುತ್ತದೆಂದು ಒಪ್ಪಿಕೊಂಡೆ. "ಹಂಗಾದ್ರೆ ಅರ್ಧ ವರ್ಷದ ಒಲೆ. ಅಡ್ಡಿಲ್ಲ, ನಮ್ಮೂರ ರಸ್ತೆಯೂ ಹಂಗೇ," ಎಂದು ಬ್ರೆಡ್ಡು ಕಟ್ಟಿಕೊಟ್ಟ. ಭಂಡಿಗಡಿ ಕಡೆಗೆ ಹೋಗುವ ಜೀಪಿನವರು ಹತ್ತಿ ಹತ್ತಿ ಎಂದು ಕರೆಯುತ್ತಿದ್ದರು. ನಾನು ಶೃಂಗೇರಿ ಬಸ್ಸಿಗೆ ಮಧ್ಯಾಹ್ನದವರೆಗೂ ಕಾದು, ಅಲ್ಲಿಂದ ಆಟೋ ಹಿಡಿದು ಅಡ್ಡಗದ್ದೆ ತಲುಪುವಾಗ ಬಿಸಿಲು ಇಳಿದಿತ್ತು.

ಅಕ್ಕ ಜಗಲಿಯ ಕುರ್ಚಿಯಿಂದೆದ್ದು ಬಂದು ನನ್ನ ಕೈಚೀಲವನ್ನೇ ನೋಡಿದಳು. "ಎಲ್ಲಿ ಗಿಣ್ಣು? ದಾರೀಲಿ ಒಡೀಲಿಲ್ವ? ನೀನು ಶಿವಮೊಗ್ಗದಲ್ಲಿ ಯಾವಾಗ ದನ ತಗಂಡಿದ್ದು?"

ನಾನು ಚೀಸಿನ ಉಳಿದ ತುಂಡು ತೋರಿಸಿದೆ. ಗಂಗಮ್ಮತ್ತೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮುಖ ಒಂಥರಾ ಮಾಡಿ, "ಉಪ್ಪುಪ್ಪು ಗಿಣ್ಣು! ಇದರ ದನ ಎಂತ ತಿಂದಿತ್ತೇ?" ಎಂದರು.

ವಿಷಯ ಆಮೇಲೆ ಬಿಚ್ಚಿಕೊಂಡಿತು. ನಾನು ಗಿಣ್ಣನ್ನೂ ಗಿಣ್ಣು ಮಾಡುವ ಒಲೆಯನ್ನೂ ತರುತ್ತೇನೆಂದು ಅಕ್ಕ ತಿಳಿದಿದ್ದಳು. ಅದೇ ಹೊತ್ತಿಗೆ ಅವರ ಮನೆಯ ಗೌರಿ ಕರು ಹಾಕಿತ್ತು. ಕರು ಕುಡಿದು ಉಳಿದ ಮೊದಲ ಹಾಲನ್ನು ಅಕ್ಕ ತೆಗೆದಿರಿಸಿ ನನ್ನನ್ನು ಕಾಯುತ್ತಿದ್ದಳು. ಗಿಣ್ಣು ಆ ಕಡೆ ಮಾರುವ ವಸ್ತುವಲ್ಲ, ನೆರೆಮನೆಗಳಿಗೆಲ್ಲ ಹಂಚುತ್ತಾರೆ. ಪಡೆದವರು ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ, ಒಂದು ಚೂರು ಬೆಲ್ಲ ಹಾಕಿ ಕೊಡುತ್ತಾರೆ.

ಆ ಹಾಲನ್ನು ಬಿಸಿಲೊಲೆಯಲ್ಲಿ ಇಡುವುದು ಗಂಗಮ್ಮತ್ತೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. "ಗಿಣ್ಣಿಗೆ ಹಬೆ ಬೇಕು. ಬಿಸಿಲಿಗಿಟ್ರೆ ಹಾಲು ಹುಳಿ ಬತ್ತದೆ. ಕೊಡಿಲ್ಲಿ, ನಾನು ಒಲೆ ಮೇಲಿಡ್ತೇನೆ. ಮೊದಲ ಹಾಲು ಕೆಟ್ರೆ ಕೇರಿಯವರಿಗೆ ಎಂತ ಹೇಳೂದು?"

"ಕೆಟ್ರೆ ನಾನೇ ಹೇಳ್ತೇನೆ ಅತ್ತೆ," ಎಂದಳು ಅಕ್ಕ. ಧ್ವನಿ ಸಣ್ಣದಿತ್ತು, ಆದರೆ ಪಾತ್ರೆ ಬಿಡಲಿಲ್ಲ.

ಬ್ರೆಡ್ಡಿನ ಮೇಲಿನ ಚೀಸ್ ಕರಗದಿದ್ದರೆ ನಕ್ಕು ತಿನ್ನಬಹುದು. ಇದು ಹಾಗಲ್ಲ. ಕೆಟ್ಟರೆ ಅಕ್ಕ ಮತ್ತೆ ಆ ಕುರ್ಚಿಗೆ, ಈ ಸಲ ಮಾತಾಡದೆ. ಈ ಒಲೆಯಲ್ಲಿ ಗಿಣ್ಣು ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಕ್ಕ ಗಿಣ್ಣುಹಾಲಿಗೆ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿದಳು. ಅಳತೆಗೆ ಲೋಟ ಮುಟ್ಟಲಿಲ್ಲ, ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡು, ಇನ್ನೊಂಚೂರು ಬೆಲ್ಲ ಹಾಕಿದಳು. ಮೂರು ಡಬ್ಬಿಗೆ ಗಿಣ್ಣು. ನಾಲ್ಕನೆಯದರಲ್ಲಿ ನನ್ನ ಹಟಕ್ಕೆ, ಬೇಯಿಸಿದ ಮರಗೆಣಸಿನ ಬಿಲ್ಲೆಗಳ ಮೇಲೆ ಉಳಿದ ಚೀಸು. ಅಂಗಳದಲ್ಲಿ ಪೆಟ್ಟಿಗೆ ಇಟ್ಟು ಕನ್ನಡಿ ತಿರುಗಿಸಿ ಬಿಸಿಲು ಹಿಡಿದೆವು. ನಾನು ವಸಂತಾಳ ತಾರಸಿಯ ಕಥೆ ಹೇಳಿದ್ದೆ. ಅಕ್ಕ ಕೊಡೆ ಬಿಡಿಸಿಕೊಂಡು ಪಕ್ಕದಲ್ಲೇ ಮಣೆ ಹಾಕಿ ಕೂತಳು. ಭಾವ ಬಗ್ಗಿದರೆ ಗದರಿದಳು. ಗಂಗಮ್ಮತ್ತೆ, "ಒಂಚೂರು ನೋಡಿ ಮುಚ್ತೇನೆ," ಎಂದು ಗಾಜಿಗೆ ಕೈ ಹಾಕಿದಾಗ, "ಅತ್ತೆ, ಕೈ ತೆಗೀರಿ," ಎಂದುಬಿಟ್ಟಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಆ ಮಾತು ಅದೇ ಮೊದಲಿರಬೇಕು. ಗಂಗಮ್ಮತ್ತೆ ಕೈ ತೆಗೆದರು, ಆದರೆ ಜಾಗ ಬಿಟ್ಟು ಹೋಗಲಿಲ್ಲ.

ಮಧ್ಯಾಹ್ನ ಸರಿದಂತೆ ತೊಂದರೆ ಶುರುವಾಯಿತು. ಹಲಸಿನ ಮರದ ನೆರಳು ಮೆಲ್ಲಗೆ ಪೆಟ್ಟಿಗೆಯ ಮೇಲೆ ಬಂತು. ಅಂಗಳದಲ್ಲಿ ಬಿಸಿಲಿದ್ದ ಭಾಗವನ್ನೆಲ್ಲ ಬೇಯಿಸಿ ಹರಡಿದ ಅಡಿಕೆ ಹಿಡಿದಿತ್ತು. ಆ ಸೀಮೆಯಲ್ಲಿ ಒಣಗಲು ಹಾಕಿದ ಅಡಿಕೆಯನ್ನು ದಾಟುವಾಗಲೂ ಹೆಂಗಸರು ಸೀರೆ ಎತ್ತಿ ಹಿಡಿಯುತ್ತಾರೆ. ಬಿಸಿಲಿನ ಮೊದಲ ಹಕ್ಕು ಅದರದ್ದು. ಅಕ್ಕ ನನ್ನ ಮುಖ ನೋಡಿದಳು. ಅಡಿಕೆ ಸರಿಸಲೇ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಪೆಟ್ಟಿಗೆ ಮುಟ್ಟಿದರೆ ಗಾಜಿನೊಳಗೆ ಹಾಲು ಇನ್ನೂ ಅಲುಗುತ್ತಿತ್ತು.

ಗಂಗಮ್ಮತ್ತೆ ಎದ್ದರು. ಮೂಲೆಯಲ್ಲಿದ್ದ ಗೋರುಮಣೆ ತಂದು, ಅಂಗಳದ ನಡುವಿನ ಅಡಿಕೆಯನ್ನು ಬರಬರನೆ ಒತ್ತಟ್ಟಿಗೆ ಎಳೆದರು.

"ಅಬ್ಬೆ, ಅಡಿಕೆ!" ಎಂದು ಭಾವ ಜಗಲಿಯಿಂದ ತಾಯಿಗೆ ಕೂಗಿದರು.

"ಅಡಿಕೆಗೆ ನಾಳೆನೂ ಬಿಸಿಲುಂಟು. ಗಿಣ್ಣಿಗೆ ಇವತ್ತೇ," ಎಂದರು ಗಂಗಮ್ಮತ್ತೆ. ಅಕ್ಕನ ಕಡೆ ತಿರುಗಿ, "ಎಂತ ನೋಡ್ತೀಯ, ಹಿಡಿ ಆ ಕಡೆ," ಎಂದು ಪೆಟ್ಟಿಗೆಯ ಒಂದು ಬದಿಗೆ ತಾವೇ ಕೈ ಹಾಕಿದರು. ಅತ್ತೆ ಸೊಸೆ ಸೇರಿ ಒಲೆಯನ್ನು ಬಿಸಿಲಿಗೆ ಒಯ್ದರು. ನನ್ನ ಕಣ್ಣು ತುಂಬಿತು. ಹೊಗೆಯ ನೆಪ ಹೇಳುವಂತೆಯೂ ಇರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಅಕ್ಕ ಗಾಜು ಎತ್ತಿದಳು. ಗಿಣ್ಣು ಗಟ್ಟಿಯಾಗಿ, ಬೆಲ್ಲದ ಬಣ್ಣಕ್ಕೆ ತಿರುಗಿ ಕೂತಿತ್ತು. ಬೆರಳಲ್ಲಿ ಒತ್ತಿದಳು, ಅಂಟಲಿಲ್ಲ. ಮೊದಲ ತುಂಡು ಅತ್ತೆಗೆ ಕೊಟ್ಟಳು. ಗಂಗಮ್ಮತ್ತೆ ನಿಧಾನವಾಗಿ ತಿಂದು, "ಏಲಕ್ಕಿ ಒಂಚೂರು ಜಾಸ್ತಿ," ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು. ಚೀಸಿನ ಮರಗೆಣಸನ್ನು ಭಾವ ಒಬ್ಬರೇ ಮುಗಿಸಿದರು. ಅಕ್ಕ ತಟ್ಟೆಗಳಿಗೆ ಬಾಳೆಲೆ ಮುಚ್ಚಿ ಕೇರಿಗೆಲ್ಲ ತಾನೇ ಹಂಚಿಬಂದಳು. ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳಂತೆ. ಎಲ್ಲ ತಟ್ಟೆಗಳೂ ಬೆಲ್ಲದ ಚೂರಿನ ಜೊತೆ ಮರಳಿದವು.

ಮರುದಿನ ಹೊರಡುವಾಗ ಅಕ್ಕ ಒಂದು ಕಪ್ಪು ಡಬ್ಬಿಯಲ್ಲಿ ಗಿಣ್ಣು ಹಾಕಿ ನನ್ನ ಕೈಗಿಟ್ಟಳು. "ಡಬ್ಬಿ ಖಾಲಿ ತರಬೇಡ, ಗೊತ್ತುಂಟಲ್ಲ?" ಎಂದಳು. ಬೆಲ್ಲವೋ ಚೀಸೋ ಎಂದು ಕೇಳಿದೆ. "ಎರಡೂ ಹಾಕು. ಇವತ್ತು ಹೆಸರುಬೇಳೆ ಇಟ್ಟಿದ್ದೇನೆ, ನಾಳೆ ಕೆಸುವಿನ ಗೆಡ್ಡೆ," ಎನ್ನುತ್ತ ಮಾತಿನ ನಡುವೆಯೇ ಕನ್ನಡಿ ತಿರುಗಿಸಲು ಅಂಗಳಕ್ಕೆ ಓಡಿದಳು. ಆಟೋ ಹತ್ತಿ ಹಿಂದಿರುಗಿ ನೋಡಿದೆ. ಜಗಲಿಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಯಾರೋ ಅದರ ಮೇಲೆ ಒದ್ದೆ ಟವೆಲು ಹರವಿದ್ದರು.

ನರಸಿಂಹರಾಜಪುರದಲ್ಲಿ ಶಿವಮೊಗ್ಗದ ಬಸ್ಸು ಹತ್ತಿದರೆ ಅದೇ ಕಂಡಕ್ಟರ್. ನನ್ನ ಅಕ್ಕಪಕ್ಕ ಹುಡುಕಿ ನೋಡಿದ.

"ಎಲ್ಲಿ ಮೇಡಂ ನಿಮ್ಮ ಒಲೆ? ಅರ್ಧ ಟಿಕೆಟ್ ಉಳಿಸೋಕೆ ಬಿಟ್ಟು ಬಂದ್ರಾ?"

"ಇಲ್ಲಪ್ಪ," ಎಂದೆ. "ಅಕ್ಕ ಅಡುಗೆ ಮಾಡ್ತಿದ್ದಾಳೆ."